ಕೆಂಪಂಗಿಯವರ ಕಾಲಳತೆ

ಕೆಂಪಂಗಿ ತೊಟ್ಟ ಬಿಳಿಯರು ಬಂದ ಸುದ್ದಿಯನ್ನು ಪೊನೊಕಾಕಿಗೆ ತಂದವಳು ಅವಳ ಅಕ್ಕ ಸಿನೋಪಾಕಿ. ಸುದ್ದಿ ಹೇಳುವ ಮೊದಲೇ ನಕ್ಕು ನಕ್ಕು ಸಾಕಾಗಿ ಗುಡಾರದ ಬಾಗಿಲಲ್ಲೇ ಕುಸಿದು ಕೂತುಬಿಟ್ಟಳು.

"ಹೇಳಿ ಆಮೇಲೆ ನಗಕ್ಕ. ನಾನೂ ಜೊತೆಗೆ ನಗ್ತೀನಿ."

"ಕುದುರೆ ಸವಾರರು ಬರ್ತಾರೆ, ಕುದುರೆ ಸವಾರರು ಬರ್ತಾರೆ ಅಂತ ಬೇಸಗೆಯಿಂದ ಒಂದೇ ಸಮ ಬಡ್ಕೋತಿದ್ರಲ್ಲ? ಬಂದ್ರು ಕಣೇ. ನಡ್ಕೊಂಡು ಬಂದ್ರು! ಕುದುರೆಗಳನ್ನ ಹಿಂದಿನಿಂದ ತಳ್ಕೊಂಡು ಬಂದ್ರು!"

ಹುಲ್ಲುಬಯಲಲ್ಲಿ ಕಾಡೆಮ್ಮೆ ಬೇಟೆಯಾಡಿ ಬದುಕುವ ಕೈನಾಯ್ ಜನರಿಗೆ ಇದಕ್ಕಿಂತ ದೊಡ್ಡ ತಮಾಷೆ ಬೇಕಿರಲಿಲ್ಲ. ಅವರ ಮಕ್ಕಳು ನೆಟ್ಟಗೆ ನಡೆಯುವ ಮೊದಲೇ ಕುದುರೆಯ ಬೆನ್ನೇರುತ್ತವೆ. ಪೊನೊಕಾಕಿಯೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆದರೆ ಅರ್ಧದಲ್ಲೇ ಅವಳ ನಗು ನಿಂತಿತು.

"ಯಾಕೆ ತಳ್ಕೊಂಡು ಬಂದ್ರು? ದಾರೀಲಿ ಬಿಟ್ಟು ಬರಬಹುದಿತ್ತಲ್ಲ? ಕೊಯ್ದು ತಿನ್ನಬಹುದಿತ್ತಲ್ಲ?"

"ಶುರು ಮಾಡಿದ್ಲು ನೋಡು," ಎಂದಳು ಅಕ್ಕ. "ನಗೋಕೂ ಬಿಡಲ್ಲ ಇವಳು."

ಚಿಕ್ಕಂದಿನಿಂದಲೂ ಅವಳ ಸ್ವಭಾವವೇ ಹಾಗೆ. ಎಲ್ಲರೂ ಒಂದು ಪ್ರಶ್ನೆ ಕೇಳಿ ಸುಮ್ಮನಾದರೆ ಅವಳಿಗೆ ಎರಡನೆಯದು ಹುಟ್ಟುತ್ತಿತ್ತು. ಗಂಡ ಮಕೋಯಿ ಬದುಕಿದ್ದಾಗ, "ನಿನ್ನ ಜೊತೆ ಸಂಸಾರ ಮಾಡೋದು ಅಂದ್ರೆ ದಿನಾ ಸಾಕ್ಷಿ ಹೇಳಿದ ಹಾಗೆ," ಎಂದು ರೇಗಿಸುತ್ತಿದ್ದ. ಅವನು ತೀರಿಕೊಂಡು ಎರಡು ಚಳಿಗಾಲ ಕಳೆದಿದ್ದವು.

ಅವತ್ತೇ ಮಧ್ಯಾಹ್ನ ಮಕೋಯಿಯ ಅಣ್ಣ ಸ್ಟಾಮಿಕ್ ಅವಳನ್ನು ಕರೆಸಿದ. ಅರವತ್ತು ಗುಡಾರಗಳ ಆ ಗುಂಪಿಗೆ ಅವನೇ ಹಿರಿಯ. ದಪ್ಪ ದನಿಯವನು, ನಿಧಾನಸ್ಥ.

"ನೋಡಮ್ಮ, ಬಿಳಿಯರಲ್ಲಿ ನನಗೆ ಗೊತ್ತಿರೋದು ಮೂರು ಜಾತಿ. ತೊಗಲು ಕೊಳ್ಳೋಕೆ ಬರೋರು ಒಂದು. ತೋಳಕ್ಕೆ ವಿಷ ಇಡೋರು ಇನ್ನೊಂದು. ಕಪ್ಪು ನಿಲುವಂಗಿ ಹಾಕ್ಕೊಂಡು ದೇವರ ವಿಷಯ ಮಾತಾಡೋರು ಮತ್ತೊಂದು. ಇವರು ಯಾರು? ದೊಡ್ಡ ಗುಂಪು ಕೆಳಗೆ ಮುದುಕನ ಹೊಳೆ ದ್ವೀಪದಲ್ಲಿ ಕೋಟೆ ಕಟ್ತಿದೆಯಂತೆ. ಇಲ್ಲಿ ಬೆಣಚುಕಲ್ಲ ತೊರೆ ಹತ್ರ ಹನ್ನೆರಡು ಜನ ಇಳಿದಿದ್ದಾರೆ. ಹೆಂಗಸರಿಲ್ಲ. ಮಾರೋಕೆ ಸಾಮಾನಿಲ್ಲ. ತೊಗಲು ಬೇಕಾ ಅಂದ್ರೆ ಬೇಡ ಅಂತಾರೆ. ಇದೆಂಥ ಜನ?"

"ಗಂಡಸರನ್ನ ಕಳಿಸಿ ಕೇಳಿಸಿ ಭಾವ."

"ಗಂಡಸರು ಹೋದ್ರೆ ಅವರು ಬಂದೂಕು ಹಿಡೀತಾರೆ, ಇವರೂ ಹಿಡೀತಾರೆ. ನೀನು ಮೆಟ್ಟು ಹೊಲಿಯೋಳು. ಅವರ ಬೂಟು ಬಾಯಿ ಬಿಟ್ಟಿದೆಯಂತೆ. ಹೋಗಿ ನೋಡ್ಕೊಂಡು ಬಾ. ನೀನು ನೋಡಿದ್ರೆ ಸರಿಯಾಗಿ ನೋಡ್ತೀಯ."

ಕಳಿಸದಿದ್ದರೂ ಅವಳು ಹೋಗುತ್ತಿದ್ದಳೆಂಬುದು ಇಬ್ಬರಿಗೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಹದ ಮಾಡಿದ ತೊಗಲಿನ ಸುರುಳಿ, ದಬ್ಬಣ, ನರದ ದಾರ ಎಲ್ಲವನ್ನೂ ಕುದುರೆಗೆ ಕಟ್ಟಿ ಹೊರಟಳು. ತೊರೆಯ ದಂಡೆಯ ಮರಗಳು ಅಷ್ಟು ಹೊತ್ತಿಗೆ ಎಲೆ ಉದುರಿಸಿ ನಿಂತಿದ್ದವು. ಹನ್ನೆರಡು ಮಂದಿಯೂ ಮರ ಕಡಿದು ತೊಲೆ ಎತ್ತುತ್ತಿದ್ದರು. ಕೆಂಪಂಗಿಗಳೇನೋ ದೂರಕ್ಕೆ ಚೆನ್ನಾಗಿ ಕಾಣುತ್ತಿದ್ದವು. ಹತ್ತಿರ ಹೋದರೆ ಮೊಣಕೈ ಹರಿದಿದೆ, ಗುಂಡಿ ಉದುರಿದೆ. ಕಟ್ಟಿ ಮುಗಿಸಿದ್ದು ಒಂದೇ ಒಂದು ಉದ್ದನೆಯ ಕೊಟ್ಟಿಗೆ. ಅದರೊಳಗೆ ಮೂರು ಬಡಕಲು ಕುದುರೆಗಳು ಬೆಚ್ಚಗೆ ನಿಂತಿದ್ದವು. ಜನ ಮಾತ್ರ ಹರಕು ಬಟ್ಟೆಯ ಡೇರೆಗಳಲ್ಲಿ ಮಲಗುತ್ತಿದ್ದರು.

ಅವರ ಜೊತೆಗಿದ್ದ ದುಭಾಷಿಯ ಹೆಸರು ಟೂಸಾಂ. ತಾಯಿ ಕೈನಾಯ್ ಮಾತನ್ನೇ ಆಡುವ ಪೀಕಾನಿ ಜನರವಳು, ತಂದೆ ದೋಣಿ ಹುಟ್ಟು ಹಾಕುತ್ತ ಬಂದ ಫ್ರೆಂಚ್ ಮನುಷ್ಯ. ಒಂದು ಮಾತು ಹೇಳಿ ಎಂದರೆ ಹತ್ತು ಹೇಳುವವನು.

"ಮೊದಲು ಕುದುರೆಗೆ ಯಾಕೆ ಮನೆ ಕಟ್ಟಿದ್ರು, ಕೇಳು," ಎಂದಳು ಪೊನೊಕಾಕಿ ಕುದುರೆಯಿಂದ ಇಳಿಯುವ ಮೊದಲೇ.

ಟೂಸಾಂ ಆ ಗುಂಪಿನ ಯಜಮಾನನನ್ನು ಕೇಳಿದ. ಅವನು ಇನ್‌ಸ್ಪೆಕ್ಟರ್ ಪೆಂಡ್ರಿಲ್. ಸಣಕಲು ಮನುಷ್ಯ, ಮೀಸೆಯಲ್ಲಿ ಮಂಜು ಕಟ್ಟಿತ್ತು. ಅವನು ಚುಟುಕಾಗಿ ಏನೋ ಅಂದ.

"ಕುದುರೆ ಪೊಲೀಸ್ ಅಂತ ನಮ್ಮ ಹೆಸರು, ಕುದುರೇನೇ ಇಲ್ದೆ ಹೋದ್ರೆ ನಾವು ಬರೀ ಹನ್ನೆರಡು ಜನ ಶೀತ ಹಿಡಿದೋರು, ಬರೋವಾಗ ದಾರೀಲಿ ದಿನಕ್ಕೊಂದು ಎರಡು ಸತ್ವು, ಈ ನೆಲದ ಹುಲ್ಲು ಅವಕ್ಕೆ ಹಿಡೀಲಿಲ್ಲ, ನೀರು ಉಪ್ಪು, ಉಳಿದವನ್ನ ಮೇವಿಗೆ ಅಂತ ದಕ್ಷಿಣಕ್ಕೆ ಅಟ್ಟಿದ್ವಿ, ಇವು ಮೂರು ಅಷ್ಟು ದೂರ ನಡೆಯೋ ಸ್ಥಿತೀಲೂ ಇರಲಿಲ್ಲ, ಅಂತಾರೆ."

"ಅಷ್ಟೆಲ್ಲ ಅವನು ಹೇಳ್ಲೇ ಇಲ್ವಲ್ಲೋ."

"ಮುಖದಲ್ಲಿ ಹೇಳಿದ್ರು ಕಣಕ್ಕ. ಅದನ್ನೂ ಸೇರಿಸಿ ಹೇಳೋದು ನನ್ನ ಕೆಲಸ."

ಅವಳಿಗೆ ಟೂಸಾಂ ಹಿಡಿಸಿದ.

ತೊಗಲು ಹಾಸಿ ಕೂತಳು. ಒಬ್ಬೊಬ್ಬರಾಗಿ ಬಂದು ಅದರ ಮೇಲೆ ಕಾಲಿಟ್ಟರು, ಅವಳು ಇದ್ದಿಲಿನಿಂದ ಸುತ್ತ ಗೆರೆ ಎಳೆದಳು. ಎಷ್ಟೋ ವರ್ಷಗಳಿಂದ ಪಾದ ನೋಡಿದವಳು ಅವಳು. ಪಾದ ಸುಳ್ಳು ಹೇಳುವುದಿಲ್ಲವೆಂದು ಅವಳ ನಂಬಿಕೆ. ಇವರ ಪಾದ ನೋಡುತ್ತ ನೋಡುತ್ತ ಅವಳ ಹುಬ್ಬು ಮೇಲೇರಿತು. ಒಂದು ಅಗಲವಾಗಿ ಚಪ್ಪಟೆಯಾಗಿತ್ತು, ನೇಗಿಲ ಹಿಂದೆ ನಡೆದದ್ದು. ಮತ್ತೊಂದು ಹೆಣ್ಣುಮಗುವಿನದರಂತೆ ಮೃದು, ಕುರ್ಚಿಯಲ್ಲಿ ಕೂತೇ ಬೆಳೆದದ್ದು.

"ಟೂಸಾಂ, ಇವರಲ್ಲಿ ಅರ್ಧಕ್ಕರ್ಧ ಜನ ಕುದುರೆ ಹತ್ತಿದ್ದೇ ಈ ಬೇಸಗೇಲಿ ಅನ್ಸುತ್ತೆ."

ಟೂಸಾಂ ಗಟ್ಟಿಯಾಗಿ ನಕ್ಕ. "ಹೇಗೆ ಕಂಡ್ಕೊಂಡೆ? ಅವನು ರೊಟ್ಟಿ ಸುಡೋನು. ಇವನು ಅಂಗಡೀಲಿ ಲೆಕ್ಕ ಬರೆಯೋನು. ಆ ಕೆಂಚ ತೋಟದ ಮಾಲಿ. ಸವಾರಿ ಬರುತ್ತಾ ಅಂತ ಕೇಳಿದ್ದಕ್ಕೆ ಎಲ್ಲರೂ ಬರುತ್ತೆ ಅಂದಿದ್ರಂತೆ."

ಕೊನೆಗೆ ಬಂದವನ ಕಾಲಿಗೆ ಬೂಟೇ ಇರಲಿಲ್ಲ, ಗೋಣಿಚೀಲ ಸುತ್ತಿ ಹಗ್ಗ ಬಿಗಿದಿದ್ದ. ಇಪ್ಪತ್ತೆರಡರ ಸುಮಾರಿನ ಪೇದೆ, ಲೂಥರ್ ಕೆಂಬಲ್. ಅವನು ಕಾಲು ಇಡುವ ಬದಲು ಕೂತುಕೊಂಡು ಅವಳ ದಬ್ಬಣವನ್ನೇ ನೋಡಿದ. ಮುಟ್ಟಲೇ ಎಂದು ಕಣ್ಣಲ್ಲೇ ಕೇಳಿ ಕೈಗೆತ್ತಿಕೊಂಡ. ಅವಳು ಬಿಟ್ಟಿದ್ದ ಜಾಗದಿಂದ ನಾಲ್ಕು ಹೊಲಿಗೆ ಹಾಕಿದ. ಹೊಲಿಗೆ ಸಣ್ಣದಾಗಿ, ಒಂದೇ ಅಳತೆಯಲ್ಲಿ ಬಿದ್ದಿತು.

"ಇವರಪ್ಪ ಮೆಟ್ಟು ಹೊಲಿಯೋನಂತೆ," ಎಂದ ಟೂಸಾಂ.

"ಮತ್ತೆ ಮೆಟ್ಟು ಹೊಲಿಯೋನ ಮಗನ ಕಾಲಲ್ಲಿ ಗೋಣಿ ಯಾಕೆ?"

ಕೆಂಬಲ್ ಮುಖ ಕೆಂಪಾಯಿತು. ತಡವರಿಸಿ ಹೇಳಿದ್ದನ್ನು ಟೂಸಾಂ ಈ ಸಲ ಏನೂ ಸೇರಿಸದೆ ಹೇಳಿದ. ಅವನ ಕುದುರೆ ದಾರಿಯಲ್ಲಿ ಕುಂಟಿತು. ಗೊರಸು ಒಡೆದು ರಕ್ತ ಬರುತ್ತಿತ್ತು. ಬೂಟು ಕತ್ತರಿಸಿ ಅದರ ಕಾಲಿಗೆ ಕಟ್ಟಿದ. ಆದರೂ ಎಂಟು ದಿನಕ್ಕೆ ಸತ್ತುಹೋಯಿತು.

ಪೊನೊಕಾಕಿ ಅವನ ಪಾದವನ್ನು ತಾನೇ ಎತ್ತಿ ತೊಗಲ ಮೇಲಿಟ್ಟಳು. ಯಾಕೆ ತಳ್ಳಿಕೊಂಡು ಬಂದರು ಎಂಬ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತಾಯಿತು.

ಎಂಟು ದಿನದಲ್ಲಿ ಆರು ಜೊತೆ ಮೆಟ್ಟು ಮುಗಿದವು. ಅವರು ಚಹಾ ಕೊಟ್ಟರು, ಸಕ್ಕರೆ ಕೊಟ್ಟರು, ಒಂದು ಉಣ್ಣೆ ಕಂಬಳಿ ಕೊಟ್ಟರು. ದಿನವೂ ಹೋಗಿ ಕೊಟ್ಟಿಗೆಯ ಬಿಸಿಲ ಮಗ್ಗುಲಲ್ಲಿ ಕೂತು ಹೊಲಿಯುವುದು, ಹೊಲಿಯುತ್ತ ಕೇಳುವುದು. ಒಂದು ದಿನ ಕೊನೆಗೂ ಮುಖ್ಯವಾದದ್ದನ್ನು ಕೇಳಿದಳು.

"ನಿಮ್ಮ ಕೆಲಸ ಏನು?"

ಪೆಂಡ್ರಿಲ್ ತೊಲೆಯ ಮೇಲೆ ಕೂತು ತನ್ನ ಕಾಲುಚೀಲವನ್ನು ತಾನೇ ಹೊಲಿದುಕೊಳ್ಳುತ್ತಿದ್ದ. "ವಿಸ್ಕಿ ಮಾರುವುದನ್ನು ನಿಲ್ಲಿಸುವುದು," ಎಂದ.

"ಯಾರು ಮಾರೋದನ್ನ?"

"ಯಾರೇ ಆಗಲಿ."

"ಬಿಳಿಯರು ಮಾರಿದ್ರೆ?"

"ಮಾರುವವರು ಅವರೇ ಅಲ್ಲವೇ?"

ಅವಳ ದಬ್ಬಣ ನಿಂತಿತು. ದೊಡ್ಡ ಬೇಟೆಯ ಕಾಲದಲ್ಲಿ ಕೈನಾಯ್ ಜನರಲ್ಲೂ ಕಾವಲುಗಾರರಿರುತ್ತಾರೆ. ಯಾವನಾದರೂ ಆಸೆಬುರುಕ ಎಲ್ಲರಿಗಿಂತ ಮುಂಚೆ ನುಗ್ಗಿ ಕಾಡೆಮ್ಮೆ ಹಿಂಡನ್ನು ಬೆದರಿಸಿದರೆ, ಅವನು ಎಷ್ಟೇ ದೊಡ್ಡ ಮನೆಯವನಾಗಲಿ, ಅವನ ಲಗಾಮು ಕತ್ತರಿಸಿ ಹೊದಿಕೆ ಹರಿದುಹಾಕುತ್ತಾರೆ. ತಮ್ಮವರನ್ನು ತಾವೇ ದಂಡಿಸುವ ಜನ ಅವಳಿಗೆ ಹೊಸಬರಲ್ಲ. ಆದರೆ ಬಿಳಿಯರು ಬಿಳಿಯನನ್ನು ದಂಡಿಸುವುದನ್ನು ಅವಳು ಕಂಡಿರಲಿಲ್ಲ, ಕೇಳಿಯೂ ಇರಲಿಲ್ಲ.

ಹಾಗಾದರೆ ಪರೀಕ್ಷೆ ಮಾಡಿಯೇ ನೋಡೋಣ ಅನ್ನಿಸಿತು.

"ಇಲ್ಲಿಂದ ಒಂದು ದಿನದ ದಾರಿ," ಎಂದಳು. "ಮುಳ್ಳುಹಂದಿ ಗುಡ್ಡದ ಹಿಂದೆ ಕಣಿವೆ. ಅಲ್ಲಿ ಡಾಬ್ನಿ ಅನ್ನೋನ ಮರದ ಮನೆ. ಪೀಪಾಯಿಗಳು ನೆಲದಡೀಲಿರ್ತವೆ. ಗೋಡೆಯಲ್ಲಿ ಒಂದು ತೂತು. ಈ ಕಡೆಯಿಂದ ತೊಗಲು ಒಳಗೆ, ಆ ಕಡೆಯಿಂದ ಬಟ್ಟಲು ಹೊರಗೆ. ಹೋಗಿ ಹಿಡೀರಿ ನೋಡೋಣ."

ಮರ ಕಡಿಯುತ್ತಿದ್ದವರೆಲ್ಲ ಕೊಡಲಿ ಇಳಿಸಿದರು. ಪೆಂಡ್ರಿಲ್ ಕೊಟ್ಟಿಗೆಯ ಕಡೆ ನೋಡಿದ. ಒಳಗಿದ್ದ ಮೂರು ಕುದುರೆಗಳಲ್ಲಿ ಒಂದು ಕೆಮ್ಮಿತು.

ಅವಳು ನಗು ತಡೆದುಕೊಂಡು ಮನೆಗೆ ಹೊರಟಳು. ಆದರೆ ದಾರಿಯುದ್ದಕ್ಕೂ ಅದೇ ಯೋಚನೆ. ಕುದುರೆ ಇದ್ದಿದ್ದರೆ ಹೋಗುತ್ತಿದ್ದರೋ, ಇಲ್ಲವೋ? ಕುದುರೆಯಿಲ್ಲದ್ದು ಕಾರಣವೋ, ನೆಪವೋ? ತಿಳಿದುಕೊಳ್ಳುವುದಕ್ಕೆ ಇದ್ದದ್ದು ಒಂದೇ ದಾರಿ.

"ನಿನಗೆ ತಲೆ ಕೆಟ್ಟಿದೆ," ಎಂದಳು ಸಿನೋಪಾಕಿ ಮರುದಿನ, ತಂಗಿ ತನ್ನ ಗಂಡನ ಆರು ಕುದುರೆಗಳಿಗೆ ಹಗ್ಗ ಹಾಕುವುದನ್ನು ನೋಡಿ. "ಒಂದೇ ವರ್ಷಕ್ಕೆ ನೂರು ಕುದುರೆ ಕೊಂದೋರು ಅವರು. ನೀನು ಇನ್ನಾರು ಕೊಡ್ತೀಯ?"

"ಕೊಡಲ್ಲ. ತೋರಿಸ್ತೀನಿ ಅಷ್ಟೆ. ಜೊತೆಗೆ ನಾನೂ ಹೋಗ್ತೀನಲ್ಲ."

"ಡಾಬ್ನಿ ಮನೆಗೆ?" ಅಕ್ಕನ ದನಿ ಬದಲಾಯಿತು. "ಬೇಡ ಕಣೇ."

ಪೊನೊಕಾಕಿ ಹಗ್ಗ ಬಿಗಿಯುತ್ತಲೇ ಇದ್ದಳು. ಎರಡು ಚಳಿಗಾಲದ ಹಿಂದೆ ಮಕೋಯಿ ಹೋಗಿದ್ದೂ ಆ ಮನೆಗೇ. ಮದುವೆಯಾದ ವರ್ಷ ಅವಳು ಹದ ಮಾಡಿದ ಕಾಡೆಮ್ಮೆ ತೊಗಲಿನ ಹೊದಿಕೆ ಹೆಗಲ ಮೇಲಿತ್ತು. ಮೂರನೆಯ ದಿನ ಅವನು ಕಣಿವೆಯ ಬಾಯಿಯಲ್ಲಿ ಹಿಮದಲ್ಲಿ ಮುದುರಿಕೊಂಡು ಸಿಕ್ಕ. ಹೊದಿಕೆ ಇರಲಿಲ್ಲ.

ಆರು ಕುದುರೆ ಕಂಡು ಪೆಂಡ್ರಿಲ್ ಟೋಪಿ ತೆಗೆದ. ಯಾಕೆ ತಂದೆ ಎಂದು ಕೇಳಿದ.

"ನೀವು ಹೋಗ್ತೀರೋ ಇಲ್ವೋ ನೋಡೋಕೆ," ಎಂದಳು.

ಅವನು ಐದು ಜನರನ್ನು ಕರೆದ, ಕೆಂಬಲ್‌ನೂ ಸೇರಿ. ಟೂಸಾಂಗೆ ತನ್ನದೇ ಕುದುರೆಯಿತ್ತು. ಹತ್ತುವುದಕ್ಕೆ ಹೋದರೆ ಗಲಾಟೆ ಶುರುವಾಯಿತು. ಬೂದು ಕುದುರೆ ತಿರುಗಿ ಕಚ್ಚಿತು, ಕಂದು ಕುದುರೆ ಇನ್‌ಸ್ಪೆಕ್ಟರನನ್ನೇ ಹಿಮದಲ್ಲಿ ಕೂರಿಸಿತು. ರೊಟ್ಟಿ ಸುಡುವವನು ಒಂದು ಸುತ್ತು ಕುಣಿದು ಬೇಲಿಗೆ ತಗಲಿಹಾಕಿಕೊಂಡ. ಪೊನೊಕಾಕಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಬಲಗಡೆಯಿಂದ ಹತ್ರೋ! ಎಡಗಡೆಯಿಂದ ಯಾರಾದ್ರೂ ಹತ್ತಾರಾ? ಅವಕ್ಕೆ ನೀವು ಕಳ್ಳರು ಅನ್ನಿಸ್ತಿದೆ!"

ಮೊದಲು ಅರ್ಥಮಾಡಿಕೊಂಡವನು ಕೆಂಬಲ್. ಮಕೋಯಿಯ ಹಳದಿ ಕುದುರೆಯ ಬಲಕ್ಕೆ ಬಂದು, ಕುತ್ತಿಗೆ ಸವರಿ, ಒಂದು ಕ್ಷಣ ತಡೆದು ಹತ್ತಿದ. ಕುದುರೆ ಕಿವಿ ಆಡಿಸಿ ಸುಮ್ಮನಾಯಿತು. ಉಳಿದವರೂ ಆ ಕಡೆಯಿಂದ ಹತ್ತಿದರು. ಹೀಗೆ ಬೆಣಚುಕಲ್ಲ ತೊರೆಯ ಕುದುರೆ ಪೊಲೀಸರು ಮೊಟ್ಟಮೊದಲ ಸಲ ಕುದುರೆಯ ಮೇಲೆ ಹೊರಟದ್ದು ಕೈನಾಯ್ ವಿಧವೆಯೊಬ್ಬಳ ಕುದುರೆಗಳ ಮೇಲೆ, ಬಲಗಡೆಯಿಂದ ಹತ್ತಿ.

ದಾರಿಯಲ್ಲಿ ಗುಡ್ಡದ ಮರೆಯಲ್ಲಿ ತಂಗಿದ್ದು ಮರುದಿನ ಹೊತ್ತೇರುವಾಗ ಕಣಿವೆಗೆ ಇಳಿದರು. ಡಾಬ್ನಿಯ ಹೊಗೆಗೂಡಿನಿಂದ ಹೊಗೆ ನೆಟ್ಟಗೆ ಏಳುತ್ತಿತ್ತು. ಅವನು ಬಾಗಿಲಿಗೆ ಬಂದು ಅವಳ ಕುದುರೆಗಳನ್ನೂ ಅವುಗಳ ಮೇಲಿನ ಕೆಂಪಂಗಿಗಳನ್ನೂ ನೋಡಿ ಮೊದಲು ನಕ್ಕ. ಅವನ ಜೊತೆ ಇನ್ನಿಬ್ಬರಿದ್ದರು. ಪೆಂಡ್ರಿಲ್ ಇಳಿದು ನೇರ ಅವನ ಮುಂದೆ ನಿಂತು, ದನಿ ಏರಿಸದೆ ಎರಡು ಮಾತು ಹೇಳಿದ. ಉಳಿದ ಐವರು ಬಂದೂಕು ತೊಡೆಯ ಮೇಲಿಟ್ಟುಕೊಂಡು ಕುದುರೆ ಮೇಲೇ ಇದ್ದರು. ರೊಟ್ಟಿ ಸುಡುವವನ ಕೈ ನಡುಗುತ್ತಿದ್ದುದು ಪೊನೊಕಾಕಿಗೆ ಕಂಡಿತು. ಡಾಬ್ನಿಗೆ ಕಾಣಲಿಲ್ಲವೋ ಏನೋ, ಅವನ ನಗು ಆರಿತು. ತನ್ನ ಬಂದೂಕನ್ನು ಬಾಗಿಲಿಗೆ ಒರಗಿಸಿ ಪಕ್ಕಕ್ಕೆ ಸರಿದ.

ನೆಲದ ಹಲಗೆ ಎತ್ತಿ ಒಂಬತ್ತು ಪೀಪಾಯಿ ಹೊರಗೆ ಉರುಳಿಸಿದರು. ಕೆಂಬಲ್ ಕೊಡಲಿಯಿಂದ ಒಂದೊಂದನ್ನೇ ಒಡೆದ. ಹಿಮ ಕಂದುಬಣ್ಣಕ್ಕೆ ತಿರುಗಿ ಕುಸಿಯಿತು, ಘಾಟು ಮೂಗಿಗೆ ಹೊಡೆಯಿತು. ಹಳದಿ ಕುದುರೆ ಮುಖ ತಿರುಗಿಸಿ ಸೀನಿತು. ಪೊನೊಕಾಕಿ ನೋಡುತ್ತಲೇ ನಿಂತಳು. ಬಿಳಿಯರು ಬಿಳಿಯನ ಸಾರಾಯಿಯನ್ನು ಚೆಲ್ಲುತ್ತಿದ್ದಾರೆ, ಒಂದು ಗುಟುಕೂ ಕುಡಿಯದೆ. ಇಲ್ಲ, ಮಾಲಿ ಒಮ್ಮೆ ಬೆರಳು ನೆಕ್ಕಿದ. ಪೆಂಡ್ರಿಲ್ ಗದರಿದ.

ಮನೆಯೊಳಗೆ ತೊಗಲುಗಳು ಮಾಡಿನವರೆಗೂ ಪೇರಿಸಿದ್ದವು. ಅವನ್ನು ಹೊರಗೆ ಹೊರುವಾಗ ಒಂದರ ಅಂಚು ಅವಳ ಕೈಗೆ ತಗುಲಿತು. ಕೈಗೆ ಗೊತ್ತಾಯಿತು, ಕಣ್ಣಿಗೆ ಆಮೇಲೆ. ಕಾಡೆಮ್ಮೆಯ ಕುತ್ತಿಗೆಗೆ ಬೇಟೆಯ ಗುಂಡು ಹೊಕ್ಕ ತೂತಿಗೆ ನೀಲಿ ಬಣ್ಣ ಹಾಕಿದ ನರದ ದಾರದಿಂದ, ಅರ್ಧಚಂದ್ರದ ಹಾಗೆ, ಅವಳೇ ಹಾಕಿದ್ದ ಹೊಲಿಗೆ.

ಅವಳು ಅದನ್ನು ಉಳಿದವುಗಳ ಜೊತೆ ರಾಶಿಗೆ ಹಾಕಿದಳು. ಇವರು ಮುಂದೆ ಏನು ಮಾಡುತ್ತಾರೋ ನೋಡಬೇಕಿತ್ತು.

ವಿಚಾರಣೆ ನಡೆದದ್ದು ಎರಡು ದಿನದ ಮೇಲೆ, ಕೊಟ್ಟಿಗೆಯಲ್ಲಿ. ಬೇರೆ ಸೂರಿರಲಿಲ್ಲ. ಜೀನುಪೆಟ್ಟಿಗೆಯ ಮೇಲೆ ಹಲಗೆ ಹಾಕಿ ಪೆಂಡ್ರಿಲ್ ಕೂತ, ಮುಂದೆ ಕಪ್ಪು ರಟ್ಟಿನ ಪುಸ್ತಕ. ಹಿಡಿದವನೇ ನ್ಯಾಯಾಧೀಶನೂ ಆದದ್ದು ಅವಳಿಗೆ ವಿಚಿತ್ರವೆನಿಸಲಿಲ್ಲ. ವಿಚಿತ್ರವೆನಿಸಿದ್ದು ಅವನು ಪ್ರತಿ ಮಾತಿಗೂ ಪುಸ್ತಕ ನೋಡುತ್ತಿದ್ದುದು.

ಪೀಪಾಯಿ ಎಷ್ಟು, ಎಲ್ಲಿಂದ ತಂದೆ, ಯಾರಿಗೆ ಮಾರಿದೆ ಎಂದೆಲ್ಲ ಕೇಳಿದ. ಡಾಬ್ನಿ ಟೋಪಿ ಕೈಯಲ್ಲಿ ಹಿಡಿದು ಒಪ್ಪಿಕೊಂಡ. ತೊಗಲು, ಬಂದೂಕು, ಗಾಡಿ ಎಲ್ಲ ಜಪ್ತಿ. ಮೇಲೆ ದಂಡ. ಅವನನ್ನೂ ಜೊತೆಯ ಇಬ್ಬರನ್ನೂ ದೊಡ್ಡ ಕೋಟೆಗೆ ಕರೆದೊಯ್ದು ಅಲ್ಲಿಂದ ಗಡಿಯಾಚೆ ಅಟ್ಟಬೇಕು. ಪೆಂಡ್ರಿಲ್ ಪುಸ್ತಕ ಮುಚ್ಚಿದ.

"ಮುಗೀತಾ?" ಎಂದಳು ಪೊನೊಕಾಕಿ.

"ಮುಗೀತು," ಎಂದ ಟೂಸಾಂ.

ಅವಳು ಎದ್ದು ರಾಶಿಯಿಂದ ಹೊದಿಕೆ ಎಳೆದು ಹಲಗೆಯ ಮೇಲೆ ಹರಡಿದಳು. ಕುತ್ತಿಗೆಯ ಹೊಲಿಗೆ ತೋರಿಸಿ, ತನ್ನ ಚೀಲದಿಂದ ಅದೇ ನೀಲಿ ದಾರದ ಉಂಡೆ ತೆಗೆದು ಪಕ್ಕದಲ್ಲಿಟ್ಟಳು. "ಇದು ನಂದು."

ಪೆಂಡ್ರಿಲ್ ಮತ್ತೆ ಪುಸ್ತಕ ತೆರೆದ. ಬಹಳ ಹೊತ್ತು ಹುಡುಕಿದ. ಜಪ್ತಿಯಾದದ್ದೆಲ್ಲ ಮಹಾರಾಣಿಗೆ ಸೇರಬೇಕು ಎಂದ, ಅಷ್ಟೇನೂ ಸಂತೋಷವಿಲ್ಲದೆ.

"ಯಾರು ಅದು?"

"ಸಮುದ್ರದಾಚೆ ಇರೋ ದೊಡ್ಡ ತಾಯಿ," ಎಂದ ಟೂಸಾಂ. "ಇವರೆಲ್ಲರ ಯಜಮಾನಿ."

"ಆ ತಾಯಿಗೂ ಇಲ್ಲೀ ಥರಾನೇ ಚಳಿಯಾ? ನನ್ನ ಗಂಡನ ಹೊದಿಕೆ ಬೇಕಾ ಅವಳಿಗೆ?"

ಟೂಸಾಂ ಅದನ್ನು ಹೇಳಿದ ಮೇಲೆ ಗೋಡೆಗೊರಗಿ ನಿಂತಿದ್ದ ಪೇದೆಗಳು ಮುಖ ಕೆಳಗೆ ಹಾಕಿದರು.

"ಹೊದಿಕೆ ಹಾಗಿರಲಿ," ಎಂದಳು ಅವಳು. "ನೀವು ಪೀಪಾಯಿ ವಿಷಯ ಕೇಳಿದ್ರಿ. ಗಾಡಿ ವಿಷಯ ಕೇಳಿದ್ರಿ. ಇದನ್ನ ಹೊದ್ಕೊಂಡು ಹೋದ ಮನುಷ್ಯ ಎಲ್ಲಿ ಅಂತ ಕೇಳ್ಲಿಲ್ಲ. ನನ್ನ ಗಂಡ ಇವನ ಮನೆಗೆ ಹೋದ. ಅವನೇ ಹೋದ, ಅವನೇ ಕುಡಿದ, ನನಗೆ ಗೊತ್ತು. ಯಾರೂ ಎಳ್ಕೊಂಡು ಹೋಗ್ಲಿಲ್ಲ. ಆದ್ರೆ ಮೈಮೇಲಿನ ಹೊದಿಕೆ ಬಿಚ್ಚಿಸ್ಕೊಂಡು ಅಂಥ ಚಳೀಲಿ ಹೊರಗೆ ಕಳಿಸಿದ್ದು ಇವನು. ಅದಕ್ಕೇನು ಬರ್ದಿದೆ ನಿಮ್ಮ ಪುಸ್ತಕದಲ್ಲಿ?"

ಪೆಂಡ್ರಿಲ್ ಈ ಸಲ ಪುಟ ತಿರುಗಿಸಲಿಲ್ಲ. ಪುಸ್ತಕದ ಮೇಲೆ ಅಂಗೈ ಇಟ್ಟುಕೊಂಡು ಕೂತ.

"ಅದಕ್ಕೆ ನನ್ನ ಹತ್ತಿರ ಕಾನೂನಿಲ್ಲ," ಎಂದ ಕೊನೆಗೆ. ಆಮೇಲೆ ಅವಳನ್ನೇ ನೋಡಿ ಕೇಳಿದ: "ನಿಮ್ಮಲ್ಲಿ ಏನು ಮಾಡುತ್ತೀರಿ?"

ಅವಳಿಗೆ ಆಶ್ಚರ್ಯವಾಯಿತು. ಇಷ್ಟು ದಿನ ಪ್ರಶ್ನೆ ಕೇಳಿದವಳು ಅವಳು. ಬಿಳಿಯನೊಬ್ಬ ಅವಳ ಜನರ ಕಟ್ಟಳೆಯನ್ನು ಕೇಳಿದ್ದು ಇದೇ ಮೊದಲು.

"ನಮ್ಮಲ್ಲಾದ್ರೆ ತಪ್ಪು ಮಾಡಿದೋನು, ಅವನ ಕಡೆಯೋರು ನಮ್ಮ ಗುಡಾರಕ್ಕೆ ಬರಬೇಕು. ಕುದುರೆ ಕೊಡ್ತಾರೆ, ಅದು ಬಿಡು. ಬಂದು ಕೂತು ನಾವು ಹೇಳೋದನ್ನ ಕೇಳಬೇಕು. ಹೇಳಿ ಮುಗಿಯೋವರೆಗೂ ಏಳೋ ಹಾಗಿಲ್ಲ."

ಪೆಂಡ್ರಿಲ್ ಡಾಬ್ನಿಯ ಕಡೆ ತಿರುಗಿ, ಕೂರು ಎಂದ. ಡಾಬ್ನಿ ಅರ್ಥವಾಗದೆ ನಿಂತ. ಕೆಂಬಲ್ ಒಂದು ಬುಟ್ಟಿ ಬೋರಲು ಹಾಕಿ ಅವನ ಭುಜ ಒತ್ತಿ ಕೂರಿಸಿದ. "ಈಕೆ ಮುಗಿಸುವವರೆಗೂ," ಎಂದ ಪೆಂಡ್ರಿಲ್.

ಪೊನೊಕಾಕಿ ಹೇಳಿದಳು. ಮಕೋಯಿ ಹಾಡುವುದಕ್ಕೆ ಹೋಗಿ ಎಲ್ಲರನ್ನೂ ಹೇಗೆ ನಗಿಸುತ್ತಿದ್ದ, ಹಳದಿ ಕುದುರೆ ಮರಿಯಾಗಿದ್ದಾಗ ಹೊಳೆಯ ಮಂಜುಗಡ್ಡೆಯಿಂದ ಹೇಗೆ ಎಳೆದುತಂದ, ಸಿಡುಬಿನ ವರ್ಷ ಮಗಳು ಹೋದ ಮೇಲೆ ಹೇಗೆ ಮಾತು ಬಿಟ್ಟ, ಆಮೇಲೆ ಕುಡಿತ ಹೇಗೆ ಹಿಡಿಯಿತು. ಅವನನ್ನು ಹೊಗಳಲಿಲ್ಲ. ಅವನು ಒಮ್ಮೆ ತನ್ನ ಮೇಲೆ ಕೈ ಮಾಡಿದ್ದನ್ನೂ ಹೇಳಿದಳು. ಟೂಸಾಂ ಒಂದಕ್ಕೆ ಒಂದೇ ಮಾತಾಗಿ ಹೇಳುತ್ತ ಹೋದ. ಬಾಗಿಲಿನ ಬೆಳಕು ನೆಲದ ಮೇಲೆ ಒಂದು ಮೊಳ ಸರಿಯಿತು.

ಅವಳು ನಿಲ್ಲಿಸಿದಾಗ ಡಾಬ್ನಿ ನೆಲ ನೋಡುತ್ತಿದ್ದ. "ಅವನ ಹೆಸರು ನನಗೆ ಗೊತ್ತಿರಲಿಲ್ಲ," ಎಂದ. ಏಳಬಹುದೇ ಎಂದು ಕೇಳಿದ. ಪೆಂಡ್ರಿಲ್ ಅವಳನ್ನು ನೋಡಿದ. ಅವಳು ಆಗಲಿ ಎಂದು ತಲೆಯಾಡಿಸಿದಳು.

ಮನಸ್ಸು ಹಗುರಾಗಬಹುದೆಂದು ಕಾದಳು. ಆಗಲಿಲ್ಲ. ಆದರೆ ವಿಪರೀತ ಹಸಿವಾಯಿತು. ಕೆಂಬಲ್ ತಂದುಕೊಟ್ಟ ಒಣರೊಟ್ಟಿ, ಹಂದಿಮಾಂಸವನ್ನೆಲ್ಲ ತಿಂದು ಇನ್ನೂ ಬೇಕು ಎಂದಳು.

ಮರುದಿನ ಪೆಂಡ್ರಿಲ್ ಅವಳನ್ನು ಕರೆಸಿ ತೊಗಲುಗಳ ರಾಶಿ ತೋರಿಸಿದ. ಇವುಗಳಿಂದ ಹನ್ನೆರಡು ಜನಕ್ಕೂ ಚಳಿಯಂಗಿ ಹೊಲಿಯಬೇಕು. ಕೂಲಿಗೆ ರಾಶಿಯಿಂದ ಒಂದು ತೊಗಲು, ಅವಳಿಗೆ ಇಷ್ಟ ಬಂದದ್ದು. ಹೀಗೆಂದು ಅವನು ಬೇರೆ ಕಡೆ ಮುಖ ಮಾಡಿ ನಿಂತ.

"ನಿನ್ನೆಯೇ ಕೊಟ್ಟಿದ್ರೆ ಏನಾಗ್ತಿತ್ತು?" ಎಂದು ಟೂಸಾಂನನ್ನು ಕೇಳಿದಳು.

"ನಿನ್ನೆ ಕೊಟ್ರೆ ಪುಸ್ತಕ ಸುಳ್ಳಾಗ್ತಿತ್ತು. ಇವತ್ತು ಕೂಲಿ ಅಂತ ಕೊಟ್ರೆ ಸುಳ್ಳಾಗಲ್ಲ. ಸುತ್ತು ದಾರಿ ಜನ ಕಣಕ್ಕ ಇವರು."

ಅವಳು ನೀಲಿ ಹೊಲಿಗೆಯ ಹೊದಿಕೆಯನ್ನು ಹೆಗಲಿಗೆ ಹಾಕಿಕೊಂಡಳು. ಅದರಲ್ಲಿ ಮಕೋಯಿಯ ವಾಸನೆ ಉಳಿದಿರಲಿಲ್ಲ, ಡಾಬ್ನಿ ಮನೆಯ ಹೊಗೆಯ ವಾಸನೆಯಿತ್ತು. ಬಿಸಿಲಿಗೆ ನಾಲ್ಕು ದಿನ ಹಾಕಿದರೆ ಹೋಗುತ್ತದೆ ಎಂದುಕೊಂಡಳು.

ಆರೂ ಕುದುರೆಗಳ ಮೈ ಉಜ್ಜಿ, ಗೊರಸು ತೊಳೆದು ಹಿಂದಕ್ಕೆ ಕೊಟ್ಟರು. ಅಕ್ಕ ಒಂದೊಂದರ ಕಾಲನ್ನೂ ಎತ್ತಿ ನೋಡಿ, ಬೈಯುವುದಕ್ಕೆ ಏನೂ ಸಿಗದೆ, "ಬಾಲ ಬಾಚಿದ್ದಾರಲ್ಲೇ, ನಾಚಿಕೆಗೆಟ್ಟೋರು," ಎಂದಳು.

ಸ್ಟಾಮಿಕ್ ಪೊನೊಕಾಕಿಯನ್ನು ಬೆಂಕಿಯ ಎದುರಿಗೆ ಕೂರಿಸಿ, ಸಾರು ಕೊಟ್ಟು, ಅವಳು ಕುಡಿದು ಮುಗಿಸುವವರೆಗೆ ಕಾದ.

"ಹೇಳು. ಯಾವ ಜಾತಿ?"

"ಗೊತ್ತಾಗ್ಲಿಲ್ಲ ಭಾವ."

"ಅಷ್ಟು ದಿನ ಇದ್ದು?"

"ಕಾಲು ಮೆತ್ತಗಿವೆ. ಚಳಿ ಗೊತ್ತಿಲ್ಲ, ಕುದುರೆ ಗೊತ್ತಿಲ್ಲ. ಆದ್ರೆ ಸಾಯೋ ಕುದುರೆಗೆ ಬೂಟು ಕೊಯ್ದು ಕಟ್ತಾರೆ. ಹೋಗ್ತೀವಿ ಅಂದ ಕಡೆ ಹೋದ್ರು. ಕೈ ನಡುಗ್ತಿದ್ರೂ ಹೋದ್ರು. ತಮ್ಮೋನನ್ನೇ ಹಿಡಿದ್ರು. ಒಂದು ಪುಸ್ತಕ ಇದೆ, ಅದು ಹೇಳಿದ ಹಾಗೆ ನಡೀತಾರೆ. ಅದರಲ್ಲಿ ಪೀಪಾಯಿ ಇದೆ, ಮನುಷ್ಯ ಇಲ್ಲ. ಮನುಷ್ಯನ ಮಾತು ಬಂದಾಗ ಆ ಯಜಮಾನ ಪುಸ್ತಕ ಬಿಟ್ಟು ನನ್ನ ಕೇಳಿದ."

"ಒಳ್ಳೇದಲ್ವಾ?"

"ಆ ಮನುಷ್ಯ ಒಳ್ಳೆಯೋನು. ನಾಳೆ ಅವನ ಜಾಗಕ್ಕೆ ಬೇರೆಯೋನು ಬಂದ್ರೆ? ಅವನೂ ಕೇಳ್ತಾನಾ? ಪುಸ್ತಕ ಮಾತ್ರ ಅದೇ ಇರುತ್ತೆ. ಅದರಲ್ಲಿ ನಮ್ಮ ವಿಷಯ ಇನ್ನೇನೇನು ಬರೆದಿದೆ? ಅದು ತಿಳೀಲಿಲ್ಲ ನನಗೆ."

ಸ್ಟಾಮಿಕ್ ಕೆಂಡ ಕೆದಕಿ ಒಂದು ಕೊರಡು ಹಾಕಿದ. ಆಮೇಲೆ, "ಹಾಗಾದ್ರೆ ಅದನ್ನೇ ಹೋಗಿ ಕೇಳೋಣ," ಎಂದ. "ನಾನು ಬರ್ತೀನಿ. ನಾಲ್ಕು ಜನ ಹಿರಿಯರನ್ನ ಕರ್ಕೊಳ್ತೀನಿ. ಪುಸ್ತಕ ಓದಿ ಹೇಳಲಿ ನಮಗೆ, ಮೊದಲನೇ ಪುಟದಿಂದ."

ಎರಡು ದಿನದ ಮೇಲೆ ಪಶ್ಚಿಮದ ಬೆಚ್ಚನೆಯ ಗಾಳಿ ಬೀಸಿ ಹಿಮವೆಲ್ಲ ಕರಗಿತು. ಹಿರಿಯರು ಗರಿ ಮುಡಿದು, ಒಳ್ಳೆಯ ಅಂಗಿ ತೊಟ್ಟು ತೊರೆಯ ಕಡೆ ಹೊರಟರು. ಹೆಂಗಸರಿಗೆ ಕರೆಯಿರಲಿಲ್ಲ. ಪೊನೊಕಾಕಿ ಹಳದಿ ಕುದುರೆ ಹತ್ತಿ ಅವರ ಹಿಂದೆ ಬಂದಳು. ಸ್ಟಾಮಿಕ್ ಒಮ್ಮೆ ತಿರುಗಿ ನೋಡಿದ, ಬೇಡ ಎನ್ನಲಿಲ್ಲ.